ಒಟಿಪಿ ಬರುತ್ತಿಲ್ಲ, ಹೆಸರು ಹೊಂದುತ್ತಿಲ್ಲ: ಆದಾಯ ತೆರಿಗೆ ಖಾತೆ ನಿಮ್ಮನ್ನು ಗುರುತಿಸದೇ ಇರುವುದು ಏಕೆ?

ಜುಲೈ ಹತ್ತಿರ ಬಂತೆಂದರೆ ಸಂಬಳದಾರರ, ಪಿಂಚಣಿದಾರರ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರತೊಡಗುತ್ತವೆ. ಒಂದು ಆದಾಯ ತೆರಿಗೆ ಇಲಾಖೆಯದು: ರಿಟರ್ನ್ ಸಲ್ಲಿಸಿ, ಸಲ್ಲಿಸಿದ್ದನ್ನು ಇ-ವೆರಿಫೈ ಮಾಡಿ. ಇನ್ನೊಂದು ಇಲಾಖೆಯ ಹೆಸರು ಹೇಳಿಕೊಂಡು ಬರುವ ಮೋಸಗಾರರದು: ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ. 2023ರಲ್ಲಿ ಹೀಗೆ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಬ್ಯಾಂಕ್ ಖಾತೆ ಸಂಖ್ಯೆ ಸರಿಪಡಿಸಿ ಎನ್ನುವ ಸಂದೇಶವೊಂದು ದೇಶದ ಉದ್ದಗಲಕ್ಕೂ ಸುತ್ತಿತು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಬೇಕಾಯಿತು.

ಇಂಥ ಲಿಂಕನ್ನು ಒತ್ತುವವರೆಲ್ಲ ದುರಾಸೆಯವರು ಎಂದುಕೊಂಡರೆ ತಪ್ಪು. ಎರಡು ದಿನದಿಂದ ನಿಜವಾದ ವೆಬ್‌ಸೈಟಿನಲ್ಲಿ ಒದ್ದಾಡಿ, ಒಟಿಪಿ ಬಾರದೆ, 'ಹೆಸರು ಹೊಂದುತ್ತಿಲ್ಲ' ಎಂಬ ಕೆಂಪು ಅಕ್ಷರ ನೋಡಿ ನೋಡಿ ಸಾಕಾದವರೇ ಮೋಸಗಾರರಿಗೆ ಸುಲಭವಾಗಿ ಸಿಗುತ್ತಾರೆ. ಅವರಿಗೆ ಬೇಕಾಗಿರುವುದು ಕೆಲಸ ಮುಗಿಯುವುದು. 'ಸರ್, ನಾನು ಇಲಾಖೆಯಿಂದ ಮಾತಾಡ್ತಿದ್ದೀನಿ, ಈಗ ಬರೋ ನಂಬರ್ ಹೇಳಿ, ನಾನೇ ಸರಿಮಾಡ್ತೀನಿ' ಎಂದರೆ ದೇವರು ಬಂದ ಹಾಗೆ ಅನ್ನಿಸುತ್ತದೆ. ಹಾಗಾಗಿ ನಿಜವಾದ ವ್ಯವಸ್ಥೆ ಎಲ್ಲಿ, ಯಾಕೆ ಕೈಕೊಡುತ್ತದೆ ಎಂದು ತಿಳಿದುಕೊಂಡರೆ ಮೋಸದಿಂದಲೂ ಅರ್ಧ ಪಾರಾದಂತೆ.

ಕೇಳುವವರು ಒಬ್ಬರಲ್ಲ, ಮೂವರು

ಇ-ಫೈಲಿಂಗ್ ಪೋರ್ಟಲ್ ನಮ್ಮನ್ನು ಗುರುತಿಸುವಾಗ ಒಂದೇ ದಾಖಲೆ ನೋಡುವುದಿಲ್ಲ. ಪ್ಯಾನ್ ಮಾಹಿತಿ ತೆರಿಗೆ ಇಲಾಖೆಯ ಬಳಿ ಇದೆ. ಆಧಾರ್ ಮಾಹಿತಿ ಯುಐಡಿಎಐ ಎಂಬ ಪ್ರಾಧಿಕಾರದ ಬಳಿ ಇದೆ. ಖಾತೆಯ ಮಾಹಿತಿ ಬ್ಯಾಂಕಿನಲ್ಲಿದೆ. ಮೂರೂ ಕಡೆ ನಮ್ಮ ಹೆಸರು, ಮೊಬೈಲ್ ನಂಬರ್ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಜನ ಟೈಪ್ ಮಾಡಿದ್ದು. 2004ರಲ್ಲಿ ಪ್ಯಾನ್, 2012ರಲ್ಲಿ ಆಧಾರ್, ಅದಕ್ಕೂ ಮೊದಲು ಬ್ಯಾಂಕ್ ಖಾತೆ ಮಾಡಿಸಿದವರು ಎಷ್ಟೋ ಜನ. ಈ ಮೂರೂ ಅಕ್ಷರಕ್ಕೆ ಅಕ್ಷರ ಹೊಂದಿದರೆ ಅದು ಅದೃಷ್ಟ ಎನ್ನಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆಧಾರ್ ವಿವರ ತಾಳೆ ನೋಡುವ ಸೇವೆಯನ್ನು 'ಹೌದು' ಅಥವಾ 'ಇಲ್ಲ' ಎಂದಷ್ಟೇ ಹೇಳುವಂತೆ ರೂಪಿಸಲಾಗಿದೆ. ಈ ಸಂಖ್ಯೆಗೆ ಈ ಹೆಸರು, ಈ ಜನ್ಮ ದಿನಾಂಕ ಸರಿಯೇ ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರ ಬರಬಹುದು. ಸರಿಯಾದ ಹೆಸರು ಏನು ಎಂದು ಅದು ಹೇಳುವುದಿಲ್ಲ. ಇದು ಗೋಪ್ಯತೆಗಾಗಿ ಮಾಡಿದ ಏರ್ಪಾಡು, ಒಳ್ಳೆಯದೇ. ಆದರೆ ಅದರಿಂದಾಗಿಯೇ ಪರದೆಯ ಮೇಲೆ ಬರುವ ತಪ್ಪಿನ ಸಂದೇಶ ಇಷ್ಟು ಒಗಟಾಗಿರುತ್ತದೆ. ಯಾವ ಅಕ್ಷರದಲ್ಲಿ ತಪ್ಪಾಗಿದೆ ಎಂಬುದನ್ನು ನಾವೇ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟುಕೊಂಡು ಹುಡುಕಬೇಕು.

ಒಟಿಪಿ ಬೇರೆ ನಂಬರಿಗೆ ಹೋಗುತ್ತಿರಬಹುದು

'ಒಟಿಪಿ ಬರುತ್ತಿಲ್ಲ' ಎನ್ನುವವರಲ್ಲಿ ಹಲವರ ಒಟಿಪಿ ಬರುತ್ತಲೇ ಇರುತ್ತದೆ, ಬೇರೆ ಸಿಮ್‌ಗೆ. ಪೋರ್ಟಲ್‌ನಲ್ಲಿ ಕೊಟ್ಟ ಮೊಬೈಲ್ ನಂಬರಿಗೆ ಬರುವ ಒಟಿಪಿ ಬೇರೆ, ಆಧಾರ್ ಒಟಿಪಿ ಬೇರೆ. ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಹೊಸ ನಂಬರ್ ಹಾಕಿದ ಮಾತ್ರಕ್ಕೆ ಆಧಾರ್ ಒಟಿಪಿ ಅಲ್ಲಿಗೆ ಬರುವುದಿಲ್ಲ. ಅದು ಹೋಗುವುದು ಯುಐಡಿಎಐ ದಾಖಲೆಯಲ್ಲಿರುವ ನಂಬರಿಗೆ, ಅಂದರೆ ಆಧಾರ್ ಮಾಡಿಸಿದ ದಿನ ಕೊಟ್ಟ ನಂಬರಿಗೆ.

ಆ ದಿನ ಯಾವ ನಂಬರ್ ಕೊಟ್ಟಿದ್ದೆವು ಎಂದು ನೆನಪಿಲ್ಲದಿದ್ದರೆ ಯುಐಡಿಎಐ ವೆಬ್‌ಸೈಟಿನಲ್ಲಿ ಆಧಾರ್ ಪರಿಶೀಲಿಸುವ ಸೌಲಭ್ಯ ಇದೆ. ಅಲ್ಲಿ ಆಧಾರ್ ಸಂಖ್ಯೆ ಹಾಕಿದರೆ ಜೋಡಣೆಯಾಗಿರುವ ಮೊಬೈಲ್‌ನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಆ ಮೂರು ಅಂಕಿ ನಿಮ್ಮ ಈಗಿನ ನಂಬರಿನದಲ್ಲದಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಹಳೆಯ ನಂಬರ್ ಬಿಟ್ಟುಬಿಟ್ಟಿದ್ದರೆ ವಿಷಯ ಇನ್ನೂ ಗಂಭೀರ. ಮೂರು ತಿಂಗಳು ಬಳಸದ ಸಿಮ್ ಅನ್ನು ಕಂಪನಿ ನಿಲ್ಲಿಸಬಹುದು, ನಿಲ್ಲಿಸಿ 90 ದಿನ ಕಳೆದ ಮೇಲೆ ಅದೇ ನಂಬರನ್ನು ಬೇರೆಯವರಿಗೆ ಕೊಡಬಹುದು. ಅಂದರೆ ನಿಮ್ಮ ಆಧಾರ್ ಒಟಿಪಿ ಈಗ ಎಲ್ಲೋ ಇರುವ ಅಪರಿಚಿತರೊಬ್ಬರ ಫೋನಿನಲ್ಲಿ ಸದ್ದು ಮಾಡುತ್ತಿರಬಹುದು. ನಂಬರ್ ಬದಲಿಸಿದ ಮೇಲೆ ಬ್ಯಾಂಕಿಗೆ ಓಡುವವರು ಆಧಾರ್ ಅನ್ನು ಮರೆತಿರುತ್ತಾರೆ. ಕ್ರಮ ಉಲ್ಟಾ ಆಗಬೇಕು, ಮೊದಲು ಆಧಾರ್.

ಮೊಬೈಲ್ ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗುವುದು ಖಾತ್ರಿಯಾದ ದಾರಿ. ಬೆಂಗಳೂರು ಒನ್, ಕರ್ನಾಟಕ ಒನ್, ನಾಡಕಚೇರಿ, ಕೆಲವು ಅಂಚೆ ಕಚೇರಿ ಮತ್ತು ಬ್ಯಾಂಕ್ ಶಾಖೆಗಳಲ್ಲಿ ಈ ಕೇಂದ್ರಗಳಿವೆ. 2025ರ ಅಕ್ಟೋಬರ್ 1ರಿಂದ ಇದಕ್ಕೆ 75 ರೂಪಾಯಿ ಶುಲ್ಕ. ಹೆಬ್ಬೆರಳು ಕೊಟ್ಟರೆ ಸಾಕು, ಬೇರೆ ದಾಖಲೆ ಕೇಳುವುದಿಲ್ಲ. ನಡೆಯಲಾಗದ ಹಿರಿಯರಿದ್ದರೆ ಪೋಸ್ಟ್‌ಮ್ಯಾನ್ ಅನ್ನು ಕೇಳಿ ನೋಡಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮನೆ ಬಾಗಿಲಲ್ಲೇ ಆಧಾರ್ ಮೊಬೈಲ್ ನಂಬರ್ ಬದಲಿಸಿಕೊಡುವ ಸೇವೆ 2021ರಿಂದಲೂ ಇದೆ. ಈ ಸೇವೆಯ ಬಗ್ಗೆ ಒಂದು ಫಾರ್ವರ್ಡ್ ಕೂಡ ಬರುವುದಿಲ್ಲ ಎಂಬುದು ಸೋಜಿಗ.

ಮನೆಮಂದಿಯ ಆಧಾರ್‌ಗೆಲ್ಲ ಒಂದೇ ನಂಬರ್ ಕೊಟ್ಟಿರುವ ಕುಟುಂಬಗಳಲ್ಲಿ ಇನ್ನೊಂದು ಗೊಂದಲ. ಅಪ್ಪನಿಗೆ, ಅಮ್ಮನಿಗೆ ಒಟ್ಟಿಗೆ ಪ್ರಯತ್ನಿಸಿದರೆ ಎರಡು ಒಟಿಪಿ ಬಂದು ಅದಲುಬದಲಾಗುತ್ತದೆ. ಸಂದೇಶದಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಇರುತ್ತದೆ, ಅದನ್ನು ನೋಡಿಯೇ ಹಾಕಿ. ಒಟಿಪಿಯ ಆಯಸ್ಸು ಹತ್ತು-ಹದಿನೈದು ನಿಮಿಷ. ಬರಲಿಲ್ಲವೆಂದು ಐದೈದು ಸೆಕೆಂಡಿಗೆ 'ಮತ್ತೆ ಕಳಿಸಿ' ಒತ್ತಿದರೆ ಮೊದಲನೆಯದು ಬರುವ ಹೊತ್ತಿಗೆ ಅದು ರದ್ದಾಗಿ, ಯಾವುದು ಹಾಕಿದರೂ ತಪ್ಪು ಎನ್ನಿಸಿಕೊಳ್ಳುತ್ತದೆ. ಒಮ್ಮೆ ಒತ್ತಿ, ಎರಡು ಮೂರು ನಿಮಿಷ ಕಾಯುವುದೇ ಲೇಸು.

'ಡಿಎನ್‌ಡಿ ಹಾಕಿಸಿದ್ದರೆ ಒಟಿಪಿ ಬರುವುದಿಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಡಿಎನ್‌ಡಿ ತಡೆಯುವುದು ಜಾಹೀರಾತನ್ನು, ಒಟಿಪಿಯನ್ನಲ್ಲ. ಅದಕ್ಕಿಂತ ನಿಮ್ಮ ಫೋನಿನ ಮೆಸೇಜ್ ಆ್ಯಪ್ ಅದನ್ನು ಸ್ಪ್ಯಾಮ್ ಪಟ್ಟಿಗೆ ಹಾಕಿದೆಯೇ, ಎರಡನೇ ಸಿಮ್‌ಗೆ ರೀಚಾರ್ಜ್ ಮುಗಿದಿದೆಯೇ ನೋಡಿ.

ಆಧಾರ್ ಲಾಕ್ ಮಾಡಿ ಎಂಬ ಫಾರ್ವರ್ಡ್ ನೋಡಿ ಲಾಕ್ ಮಾಡಿ ಮರೆತವರೂ ಇದ್ದಾರೆ. ಲಾಕ್‌ನಲ್ಲಿ ಎರಡು ಬಗೆ. ಬಯೊಮೆಟ್ರಿಕ್ ಲಾಕ್ ಮಾಡಿದರೆ ಬೆರಳಚ್ಚು, ಕಣ್ಣು, ಮುಖದ ಮೂಲಕ ಗುರುತಿಸುವುದು ನಿಲ್ಲುತ್ತದೆ, ಒಟಿಪಿ ಎಂದಿನಂತೆ ಬರುತ್ತದೆ. ಇದು ಎಲ್ಲರೂ ಮಾಡಿಟ್ಟುಕೊಳ್ಳಬಹುದಾದ ಒಳ್ಳೆಯ ಕೆಲಸ. ಆದರೆ ಆಧಾರ್ ಸಂಖ್ಯೆಯನ್ನೇ ಲಾಕ್ ಮಾಡಿದರೆ 12 ಅಂಕಿಯ ಸಂಖ್ಯೆ ಹಾಕಿ ಒಟಿಪಿ ಪಡೆಯಲು ಆಗುವುದಿಲ್ಲ. 16 ಅಂಕಿಯ ವರ್ಚುವಲ್ ಐಡಿ ಬೇಕಾಗುತ್ತದೆ, ಇಲ್ಲವೇ ಲಾಕ್ ತೆಗೆಯಬೇಕು.

ಕನ್ನಡದಲ್ಲಿ ಒಬ್ಬರೇ, ಇಂಗ್ಲಿಷಿನಲ್ಲಿ ಇಬ್ಬರು

ನಮ್ಮ ಕಡೆಯವರಿಗೆ ಅತಿ ಹೆಚ್ಚು ತಲೆನೋವು ಕೊಡುವುದು ಹೆಸರು. ಲಕ್ಷ್ಮಿ ಎಂದು ಕನ್ನಡದಲ್ಲಿ ಬರೆದರೆ ಅದು ಲಕ್ಷ್ಮಿಯೇ. ಇಂಗ್ಲಿಷಿನಲ್ಲಿ 'ಕ್ಷ'ಕ್ಕೆ ಒಬ್ಬರು ಕೆ, ಎಸ್, ಎಚ್ ಬಳಸುತ್ತಾರೆ, ಇನ್ನೊಬ್ಬರು ಬರೀ ಎಕ್ಸ್. ಗೌಡ ಎಂಬುದನ್ನು ಹಳೇ ಮೈಸೂರಿನವರು 'ಡಬ್ಲ್ಯೂ' ಹಾಕಿ ಬರೆದರೆ ಉತ್ತರ ಕರ್ನಾಟಕದವರು 'ಯು' ಹಾಕಿ ಬರೆಯುತ್ತಾರೆ. ಮಂಜುನಾಥ ಕೊನೆಯಲ್ಲಿ 'ಎ' ಇಟ್ಟುಕೊಂಡಿರಬಹುದು, ಬಿಟ್ಟಿರಬಹುದು. ಓದುವ ಕಿವಿಗೆ ಎಲ್ಲವೂ ಒಂದೇ. ತಾಳೆ ನೋಡುವ ಯಂತ್ರಕ್ಕೆ ಬೇರೆ ಬೇರೆ ಮನುಷ್ಯರು. ಆಧಾರ್ ಕಾರ್ಡಿನಲ್ಲಿ ಕನ್ನಡದ ಹೆಸರೂ ಇದೆ, ಆದರೆ ಪ್ಯಾನ್‌ನಲ್ಲಿ ಹೆಸರು ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಹಾಗಾಗಿ ಕನ್ನಡದ ಅಕ್ಷರ ಸರಿಯಿದ್ದು ಪ್ರಯೋಜನವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನಿಶಿಯಲ್. ನಮ್ಮಲ್ಲಿ ಬಹಳ ಜನಕ್ಕೆ ಅಡ್ಡಹೆಸರೇ ಇಲ್ಲ. ಊರಿನ ಹೆಸರು, ತಂದೆಯ ಹೆಸರು ಒಂದೊಂದು ಅಕ್ಷರವಾಗಿ ಮುಂದೆಯೋ ಹಿಂದೆಯೋ ಕುಳಿತಿರುತ್ತವೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಖಾನೆ, 'ಎಚ್. ಎಸ್. ಮಂಜುನಾಥ' ಎಂದರೆ ಹಾಗೇ ಬರೆದುಕೊಳ್ಳುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಮೂರು ಖಾನೆ: ಕೊನೆಯ ಹೆಸರು, ಮೊದಲ ಹೆಸರು, ನಡುವಿನ ಹೆಸರು. ಮೊದಲ ಮತ್ತು ಕೊನೆಯ ಹೆಸರಿಗೆ ಇನಿಶಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಹೆಸರಿದ್ದವರು ಅದನ್ನು ಕೊನೆಯ ಹೆಸರಿನ ಖಾನೆಯಲ್ಲಿ ಹಾಕಬೇಕು. ಹೀಗೆ ಆಧಾರ್‌ನ ಎಚ್. ಎಸ್. ಮಂಜುನಾಥ ಪ್ಯಾನ್‌ನಲ್ಲಿ 'ಹೊಸಹಳ್ಳಿ ಶಿವಣ್ಣ ಮಂಜುನಾಥ' ಆಗಿರುತ್ತಾರೆ, ಅಥವಾ 'ಮಂಜುನಾಥ ಹೊಸಹಳ್ಳಿ ಶಿವಣ್ಣ'. ಅಡ್ಡಹೆಸರು ಇದ್ದೇ ಇರುತ್ತದೆ ಎಂದು ಭಾವಿಸಿ ರೂಪಿಸಿದ ಫಾರಂ ಅದು. ತಪ್ಪು ನಮ್ಮ ಹೆಸರಿನದಲ್ಲ.

ನಿಮ್ಮ ಪ್ಯಾನ್ ಮಾಡಿಸುವಾಗ ಯಾವುದನ್ನು ಅಡ್ಡಹೆಸರು ಎಂದು ಬರೆದುಕೊಂಡರು ಎಂಬುದನ್ನು ಕಾರ್ಡ್ ನೋಡಿಯೇ ಹೇಳಬಹುದು. ಪ್ಯಾನ್‌ನ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ಖಾತೆದಾರರ ಬಗೆಯನ್ನು ಹೇಳುತ್ತದೆ, ವ್ಯಕ್ತಿಯಾದರೆ ಅದು 'ಪಿ'. ಐದನೆಯದು ಕೊನೆಯ ಹೆಸರಿನ ಮೊದಲ ಅಕ್ಷರ. ಮಂಜುನಾಥರ ಪ್ಯಾನ್‌ನ ಐದನೇ ಅಕ್ಷರ 'ಎಂ' ಆಗಿದ್ದರೆ ಮಂಜುನಾಥ ಎಂಬುದೇ ಕೊನೆಯ ಹೆಸರು, 'ಎಚ್' ಆಗಿದ್ದರೆ ಊರಿನ ಹೆಸರು ಆ ಖಾನೆಗೆ ಹೋಗಿದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳೆಯರಲ್ಲಿ ಈ ಅಕ್ಷರ ಹಳೆಯ ಹೆಸರಿನದೇ ಉಳಿದಿರುತ್ತದೆ, ಪ್ಯಾನ್ ಸಂಖ್ಯೆ ಜೀವನಪೂರ್ತಿ ಬದಲಾಗುವುದಿಲ್ಲ. ಅದರಿಂದ ತೊಂದರೆ ಏನೂ ಇಲ್ಲ.

ಹಾಗಾದರೆ ಯಾವುದನ್ನು ತಿದ್ದಿಸಬೇಕು? ಇಲ್ಲಿ ಅವಸರ ಬೇಡ. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಬಾರಿ, ಜನ್ಮ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶ. ಸೈಬರ್ ಸೆಂಟರ್‌ನಲ್ಲಿ ಗಡಿಬಿಡಿಯಲ್ಲಿ ಒಂದು ಅವಕಾಶ ಖರ್ಚಾದರೆ ಮುಂದೆ ಪಾಸ್‌ಪೋರ್ಟ್, ಪಿಂಚಣಿ ಕೆಲಸಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಪ್ಯಾನ್ ತಿದ್ದುಪಡಿಗೆ ಇಂಥ ಲೆಕ್ಕವಿಲ್ಲ. ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ನೂರು ರೂಪಾಯಿ ಆಸುಪಾಸಿನ ಶುಲ್ಕ ಕಟ್ಟಿ ಮಾಡಿಸಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥ ಒಂದು ಹಳೆಯ ದಾಖಲೆಯನ್ನು ಆಧಾರವಾಗಿ ಇಟ್ಟುಕೊಂಡು, ಅದಕ್ಕೆ ಹೊಂದದೇ ಇರುವುದನ್ನು ಮಾತ್ರ ತಿದ್ದಿಸುವುದು ಜಾಣತನ. ಎರಡನ್ನೂ ಒಟ್ಟೊಟ್ಟಿಗೆ ತಿದ್ದಲು ಕೊಟ್ಟು, ಆಧಾರ್ ಪ್ಯಾನ್‌ನಂತೆ ಆಗಿ, ಪ್ಯಾನ್ ಆಧಾರ್‌ನಂತೆ ಆಗಿ ಮತ್ತೆ ಹೊಂದದೇ ಹೋಗುವುದು ಕೇಳಲು ನಗು ಬಂದರೂ ಅಸಾಧ್ಯವೇನಲ್ಲ.

ಹೆಸರು ಹೊಂದುತ್ತಿಲ್ಲ ಎಂದು ಹೊಸ ಪ್ಯಾನ್ ಮಾಡಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಒಬ್ಬರ ಬಳಿ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶ ಇದೆ.

ಜನ್ಮ ದಿನಾಂಕದ ಕತೆ ಇಷ್ಟು ಉದ್ದವಿಲ್ಲ. ಆಧಾರ್ ಶಿಬಿರದಲ್ಲಿ ಹಿರಿಯರು 'ಅರವತ್ತಾಗಿರಬಹುದು' ಎಂದಷ್ಟೇ ಹೇಳಿದ್ದರೆ ಅಂದಾಜು ವರ್ಷ ಮಾತ್ರ ದಾಖಲಾಗಿದೆ, ಕಾರ್ಡಿನಲ್ಲೂ ಹುಟ್ಟಿದ ವರ್ಷವಷ್ಟೇ ಇರುತ್ತದೆ. ಅದೇ ಹಿರಿಯರ ಶಾಲಾ ದಾಖಲೆಯಲ್ಲಿ ಮೇಷ್ಟ್ರು ಬರೆದ ಜೂನ್ 1 ಇರುತ್ತದೆ, ಪ್ಯಾನ್‌ಗೆ ಅದೇ ಹೋಗಿರುತ್ತದೆ. ಆಧಾರ್‌ನಲ್ಲಿ ವರ್ಷ ಮಾತ್ರ ಇದ್ದವರಿಗಾಗಿ ಜೋಡಣೆಯ ಪುಟದಲ್ಲಿ ಪ್ರತ್ಯೇಕ ಗುರುತಿನ ಚೌಕ ಇದೆ, ಅದನ್ನು ಒತ್ತಲು ಮರೆಯುವುದೇ ಹೆಚ್ಚು. ಹೆಸರು, ದಿನಾಂಕ ಎರಡೂ ಹಟ ಹಿಡಿದು ಹೊಂದದಿದ್ದರೆ ಪ್ಯಾನ್ ಸೇವಾ ಸಂಸ್ಥೆಗಳ ನಿಗದಿತ ಕೇಂದ್ರಗಳಲ್ಲಿ ಬೆರಳಚ್ಚು ಕೊಟ್ಟು ಜೋಡಿಸಿಕೊಳ್ಳುವ ದಾರಿಯೂ ಇದೆ.

ಪ್ಯಾನ್ ನಿಷ್ಕ್ರಿಯವಾದರೆ ಕಳೆದುಕೊಳ್ಳುವುದೇನು

ಪ್ಯಾನ್-ಆಧಾರ್ ಜೋಡಣೆಯ ನಿಯಮ 2017ರಲ್ಲಿ ಬಂದದ್ದು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಪ್ರಕರಣದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಗಡುವು ಹಲವು ಸಲ ಮುಂದೆ ಹೋಗಿ ಕೊನೆಗೆ 2023ರ ಜೂನ್ 30ಕ್ಕೆ ನಿಂತಿತು. ಮರುದಿನದಿಂದ ಜೋಡಣೆಯಾಗದ ಪ್ಯಾನ್‌ಗಳು ನಿಷ್ಕ್ರಿಯವಾದವು.

'ನಿಷ್ಕ್ರಿಯ' ಎಂದರೆ ರದ್ದು ಎಂದಲ್ಲ, ಸಂಖ್ಯೆ ನಿಮ್ಮದಾಗಿಯೇ ಉಳಿಯುತ್ತದೆ. ಆದರೆ ಬರಬೇಕಾದ ರೀಫಂಡ್ ತಡೆಹಿಡಿಯಲ್ಪಡುತ್ತದೆ, ಆ ಅವಧಿಗೆ ಬಡ್ಡಿಯೂ ಸಿಗುವುದಿಲ್ಲ. ಬ್ಯಾಂಕ್ ಠೇವಣಿಯ ಬಡ್ಡಿಗೆ ಸಾಮಾನ್ಯವಾಗಿ ಶೇಕಡಾ 10 ಇರುವ ಟಿಡಿಎಸ್ 20ಕ್ಕೆ ಏರುತ್ತದೆ. ಠೇವಣಿ ಬಡ್ಡಿಯಲ್ಲೇ ತಿಂಗಳು ದೂಡುವ ನಿವೃತ್ತರಿಗೆ ಇದು ಸಣ್ಣ ಹೊಡೆತವಲ್ಲ.

ಈಗ ಜೋಡಿಸಲು 1,000 ರೂಪಾಯಿ ಶುಲ್ಕ ಕಟ್ಟಬೇಕು. ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಇದನ್ನು 'ಇತರ ಸ್ವೀಕೃತಿ' ಎಂಬ 500ರ ತಲೆಬರಹದಡಿ, ವಿಳಂಬ ಶುಲ್ಕ ಎಂದು ಆಯ್ದು ಕಟ್ಟಬೇಕು. ಬೇರೆ ತಲೆಬರಹದಡಿ ಕಟ್ಟಿದರೆ ಹಣ ಹೋಗಿದ್ದರೂ 'ಪಾವತಿ ವಿವರ ಸಿಗುತ್ತಿಲ್ಲ' ಎನ್ನುತ್ತದೆ. ಸರಿಯಾಗಿ ಕಟ್ಟಿದವರಿಗೂ ಮೊದಲ ನಾಲ್ಕೈದು ದಿನ ಅದೇ ಉತ್ತರ ಬರಬಹುದು. ಗಾಬರಿಯಾಗಿ ಎರಡನೇ ಸಲ ಸಾವಿರ ಕಟ್ಟಬೇಡಿ, ಕಾಯಿರಿ. ಜೋಡಣೆಯ ಕೋರಿಕೆ ಸಲ್ಲಿಸಿದ ಮೇಲೆ ಪ್ಯಾನ್ ಮತ್ತೆ ಸಕ್ರಿಯವಾಗಲು 30 ದಿನದವರೆಗೆ ಹಿಡಿಯುತ್ತದೆ. ಹೀಗಾಗಿ ಜುಲೈ 30ರಂದು ಈ ಕೆಲಸ ಶುರು ಮಾಡುವುದು ವ್ಯರ್ಥ.

ಎಂಬತ್ತು ವರ್ಷ ದಾಟಿದವರಿಗೆ, ಭಾರತದ ಪ್ರಜೆಯಲ್ಲದವರಿಗೆ, ಅನಿವಾಸಿಗಳಿಗೆ, ಅಸ್ಸಾಂ, ಮೇಘಾಲಯ, ಜಮ್ಮು-ಕಾಶ್ಮೀರದ ನಿವಾಸಿಗಳಿಗೆ ವಿನಾಯಿತಿ ಇದೆ. ಎಂಬತ್ತೈದರ ಅಜ್ಜನನ್ನು ಆಟೋದಲ್ಲಿ ಕೂರಿಸಿಕೊಂಡು ಕೇಂದ್ರದಿಂದ ಕೇಂದ್ರಕ್ಕೆ ಅಲೆಯುವ ಮೊದಲು ಇದನ್ನು ತಿಳಿದಿದ್ದರೆ ಒಳ್ಳೆಯದು.

ಪ್ಯಾನ್-ಆಧಾರ್ ಜೋಡಿಸಿದರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆ ಎಂದು ಹೆದರುವವರಿಗೆ ಒಂದು ಮಾತು. ಆ ಯೋಜನೆಯ ಷರತ್ತು ಇರುವುದು ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಪಾವತಿದಾರರೇ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೇ ಎಂಬುದರ ಮೇಲೆ. ಪ್ಯಾನ್ ಕಾರ್ಡ್ ಇದ್ದ ಮಾತ್ರಕ್ಕೆ ಯಾರೂ ತೆರಿಗೆ ಪಾವತಿದಾರರಾಗುವುದಿಲ್ಲ.

ವಿಜಯಾ ಬ್ಯಾಂಕ್ ಈಗಿಲ್ಲ, ಪೋರ್ಟಲ್‌ನಲ್ಲಿ ಇನ್ನೂ ಇದೆ

ಗುರುತು ದೃಢಪಡಿಸಲು ಬ್ಯಾಂಕ್ ಖಾತೆಯೂ ಒಂದು ದಾರಿ. ಪೋರ್ಟಲ್‌ನಲ್ಲಿ ಖಾತೆಯನ್ನು ಮೊದಲೇ ದೃಢಪಡಿಸಿಕೊಂಡಿದ್ದರೆ ಇವಿಸಿ ಎಂಬ ಹತ್ತು ಅಕ್ಷರ-ಅಂಕಿಗಳ ಸಂಕೇತ ಬರುತ್ತದೆ, ಅದಕ್ಕೆ 72 ಗಂಟೆ ಆಯಸ್ಸು. ಆಧಾರ್ ಒಟಿಪಿಯ ಗಡಿಬಿಡಿ ಇಲ್ಲಿಲ್ಲ.

ಕರ್ನಾಟಕದವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಯಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ವಿಲೀನವಾದಾಗ ಶಾಖೆಯ ಐಎಫ್‌ಎಸ್‌ಸಿ ಬದಲಾಗುತ್ತದೆ. ಸಿಂಡಿಕೇಟ್‌ನ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಳೆಯ ಕೋಡ್ ಪೋರ್ಟಲ್‌ನಲ್ಲೇ ಉಳಿದಿದ್ದರೆ ಖಾತೆ ದೃಢವಾಗುವುದಿಲ್ಲ, ಇವಿಸಿ ಬರುವುದಿಲ್ಲ, ಮಂಜೂರಾದ ರೀಫಂಡ್ ಕೂಡ ವಾಪಸ್ ಹೋಗುತ್ತದೆ. ಹೊಸ ಪಾಸ್‌ಬುಕ್ ನೋಡಿ ಕೋಡ್ ಬದಲಿಸಿ ಮತ್ತೆ ದೃಢಪಡಿಸಿ. ಅದೂ ಆಗದಿದ್ದರೆ ಖಾತೆಗೆ ಪ್ಯಾನ್ ಜೋಡಿಸಿದ್ದಾರೆಯೇ, ಬ್ಯಾಂಕಿನಲ್ಲಿರುವ ಹೆಸರು ಪ್ಯಾನ್‌ನಂತಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ.

ಒಟಿಪಿ ಕೈಕೊಟ್ಟರೂ ದಾರಿ ಮುಚ್ಚಿಲ್ಲ

ರಿಟರ್ನ್ ಸಲ್ಲಿಸಿದ 30 ದಿನದೊಳಗೆ ದೃಢಪಡಿಸಬೇಕು. ಮೊದಲು 120 ದಿನ ಇತ್ತು, 2022ರ ಆಗಸ್ಟ್ 1ರಿಂದ ಇಳಿಸಿದರು. ಹಳೆಯ ಲೆಕ್ಕವನ್ನೇ ಹೇಳುವ ಫಾರ್ವರ್ಡ್‌ಗಳನ್ನು ನಂಬಬೇಡಿ. 30 ದಿನ ದಾಟಿದ ಮೇಲೆ ದೃಢಪಡಿಸಿದರೆ, ದೃಢಪಡಿಸಿದ ದಿನವನ್ನೇ ಸಲ್ಲಿಸಿದ ದಿನ ಎಂದು ಪರಿಗಣಿಸುತ್ತಾರೆ. ಆಗ ಕೊನೆಯ ದಿನಾಂಕ ಮೀರಿದಂತಾಗಿ 5,000 ರೂಪಾಯಿವರೆಗೆ, ಆದಾಯ ಐದು ಲಕ್ಷದೊಳಗಿದ್ದರೆ 1,000 ರೂಪಾಯಿ ವಿಳಂಬ ಶುಲ್ಕ ಬೀಳಬಹುದು. ದೃಢಪಡಿಸದೇ ಬಿಟ್ಟರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದು ಲೆಕ್ಕ.

ಆಧಾರ್ ಒಟಿಪಿ ಒಂದೇ ದಾರಿಯಲ್ಲ. ನೆಟ್ ಬ್ಯಾಂಕಿಂಗ್ ಇದ್ದರೆ ಬ್ಯಾಂಕಿನ ಪುಟದ ಮೂಲಕವೇ ಪೋರ್ಟಲ್ ಒಳಗೆ ಹೋಗಬಹುದು, ಪಾಸ್‌ವರ್ಡ್ ಮರೆತವರಿಗೂ ಇದು ಆಗುತ್ತದೆ. ಡಿಮ್ಯಾಟ್ ಖಾತೆಯ ಮೂಲಕ, ಕೆಲವು ಬ್ಯಾಂಕುಗಳ ಎಟಿಎಂ ಮೂಲಕವೂ ಇವಿಸಿ ಸಿಗುತ್ತದೆ.

ಇವು ಯಾವುದೂ ಆಗದಿದ್ದರೆ ಹಳೆಯ ಕಾಲದ ಕಾಗದವೇ ಗತಿ, ಅದು ಇಂದಿಗೂ ಕೆಲಸ ಮಾಡುತ್ತದೆ. ಐಟಿಆರ್-ವಿ ಎಂಬ ಒಂದು ಪುಟದ ಸ್ವೀಕೃತಿಯನ್ನು ಪೋರ್ಟಲ್‌ನಿಂದ ಇಳಿಸಿಕೊಳ್ಳಿ. ಪಿಡಿಎಫ್ ಪಾಸ್‌ವರ್ಡ್ ಕೇಳಿದರೆ ನಿಮ್ಮ ಪ್ಯಾನ್ ಅನ್ನು ಸಣ್ಣ ಅಕ್ಷರದಲ್ಲಿ ಬರೆದು, ಅದಕ್ಕೆ ಅಂಟಿಸಿ ಜನ್ಮ ದಿನಾಂಕದ ಎಂಟು ಅಂಕಿ ಹಾಕಿ. ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಮಾಡಿ, ಸ್ಪೀಡ್ ಪೋಸ್ಟಿನಲ್ಲಿ 'ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500' ವಿಳಾಸಕ್ಕೆ ಕಳಿಸಿ. ಇಡೀ ದೇಶದ ಐಟಿಆರ್-ವಿಗಳು ಬಂದು ಸೇರುವುದು ನಮ್ಮ ಬೆಂಗಳೂರಿಗೇ.

ಹೊರದೇಶದಲ್ಲಿರುವ ಕನ್ನಡಿಗರ ಕಷ್ಟ ಇನ್ನೊಂದು ಬಗೆಯದು. ಆಧಾರ್‌ನ ಸಂದೇಶಗಳು ವಿದೇಶಿ ಮೊಬೈಲ್ ನಂಬರಿಗೆ ಬರುವುದಿಲ್ಲ. ದುಬೈಗೋ ಡಲ್ಲಾಸ್‌ಗೋ ಹೋದವರು ಊರಿನ ಸಿಮ್ ಸಾಯಲು ಬಿಟ್ಟರೆ ಆಧಾರ್ ಒಟಿಪಿಯೂ ಹೋದಂತೆ. ಅವರಿಗೆ ಇಮೇಲ್ ಮತ್ತು ನೆಟ್ ಬ್ಯಾಂಕಿಂಗ್ ದಾರಿಯೇ ಸರಿ. ಅನಿವಾಸಿಗಳಿಗೆ ಜೋಡಣೆಯಿಂದ ವಿನಾಯಿತಿ ಇದ್ದರೂ, ತಾವು ಅನಿವಾಸಿ ಎಂದು ಇಲಾಖೆಗೆ ತಿಳಿಸದೇ ಇದ್ದವರ ಪ್ಯಾನ್ 2023ರಲ್ಲಿ ನಿಷ್ಕ್ರಿಯವಾಯಿತು. ಪಾಸ್‌ಪೋರ್ಟ್ ಪ್ರತಿಯ ಸಮೇತ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಬರೆದರೆ ಸರಿಹೋಗುತ್ತದೆ.

ನಿಮ್ಮ ಖಾತೆಯಲ್ಲಿ ಯಾರ ನಂಬರ್ ಇದೆ?

ತಾಂತ್ರಿಕ ದೋಷಕ್ಕಿಂತ ಹೆಚ್ಚು ಅಪಾಯಕಾರಿ ಆದದ್ದು ಒಂದಿದೆ. ರಿಟರ್ನ್ ಮಾಡಿಸಿಕೊಡುವ ಏಜೆಂಟರು, ಸೈಬರ್ ಸೆಂಟರ್‌ನವರು ಅನುಕೂಲಕ್ಕೆಂದು ಗಿರಾಕಿಯ ಖಾತೆಗೆ ತಮ್ಮದೇ ಮೊಬೈಲ್ ನಂಬರ್, ತಾವೇ ಸೃಷ್ಟಿಸಿದ ಇಮೇಲ್ ಹಾಕಿಬಿಡುತ್ತಾರೆ. ಒಟಿಪಿಗಾಗಿ ನಿಮಗೆ ಫೋನ್ ಮಾಡುವ ರಗಳೆ ತಪ್ಪುತ್ತದೆ ಎಂಬುದು ಅವರ ವಾದ. ಎಲ್ಲರೂ ಕೆಟ್ಟವರಲ್ಲ. ಆದರೆ 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಶೋಧ ನಡೆಸಿದಾಗ ಹೊರಬಂದದ್ದು ಇದೇ ಕತೆ. ಹೆಚ್ಚು ರೀಫಂಡ್ ಆಸೆ ತೋರಿಸಿ ಸುಳ್ಳು ವಿನಾಯಿತಿ ಹಾಕುವುದು, ತಾತ್ಕಾಲಿಕ ಇಮೇಲ್‌ಗಳಿಂದ ರಾಶಿ ರಾಶಿ ರಿಟರ್ನ್ ಸಲ್ಲಿಸಿ ಆಮೇಲೆ ಆ ಇಮೇಲ್‌ಗಳನ್ನು ಬಿಟ್ಟುಬಿಡುವುದು. ಇಲಾಖೆಯ ನೋಟಿಸ್ ಯಾರೂ ತೆರೆಯದ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತದೆ. ಏಜೆಂಟ್ ಅಂಗಡಿ ಬದಲಿಸಿರುತ್ತಾನೆ. ಉತ್ತರ ಕೊಡಬೇಕಾದವರು ನೀವು, ಏಕೆಂದರೆ ರಿಟರ್ನ್‌ನಲ್ಲಿರುವುದು ನಿಮ್ಮ ಪ್ಯಾನ್.

ಪೋರ್ಟಲ್‌ಗೆ ಲಾಗಿನ್ ಆಗಿ 'ಮೈ ಪ್ರೊಫೈಲ್'ನಲ್ಲಿ ಸಂಪರ್ಕ ವಿವರ ನೋಡಲು ಎರಡು ನಿಮಿಷ ಸಾಕು. ಲಾಗಿನ್ ಗೊತ್ತಿಲ್ಲ, ಎಲ್ಲ ಆಡಿಟರ್ ಹತ್ತಿರವೇ ಇದೆ ಎನ್ನುವವರು ಇಂದೇ ಕೇಳಿ ಪಡೆದುಕೊಳ್ಳಿ. ಒಳ್ಳೆಯ ಆಡಿಟರ್ ಬೇಸರಿಸುವುದಿಲ್ಲ.

ನಿಜವಾದ ಸಂದೇಶ ಯಾವುದು

ಇಲಾಖೆಯ ವೆಬ್‌ಸೈಟ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್. ಕೊನೆಯ 'ಜಿಒವಿ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ವಿಳಾಸ. ಮೋಸದ ಲಿಂಕ್‌ಗಳಲ್ಲೂ ಈ ಅಕ್ಷರಗಳು ಇರುತ್ತವೆ, ಆದರೆ ಅದರ ಮುಂದೆ ಇನ್ನೇನೋ ಸೇರಿಸಿ 'ಡಾಟ್ ಕಾಂ', 'ಡಾಟ್ ಆನ್‌ಲೈನ್' ಎಂದು ಮುಗಿಯುತ್ತದೆ. ಮೊದಲ ಓರೆ ಗೀಟಿನ ಹಿಂದೆಯೇ ಇರುವ ಭಾಗ ಯಾವುದೋ ಅದೇ ಅಸಲಿ ವಿಳಾಸ. ಲಿಂಕ್ ಒತ್ತುವ ಬದಲು ವಿಳಾಸವನ್ನು ಕೈಯಾರೆ ಟೈಪ್ ಮಾಡುವುದು ಎಲ್ಲಕ್ಕಿಂತ ಸರಳ.

ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ 2025ರಿಂದ ಒಂದು ಅಕ್ಷರ ಸೇರಿದೆ. 'ಜಿ' ಇದ್ದರೆ ಸರ್ಕಾರದ್ದು, 'ಪಿ' ಜಾಹೀರಾತು, 'ಎಸ್' ಸೇವೆಯದು, 'ಟಿ' ವಹಿವಾಟಿನದು. ಹತ್ತು ಅಂಕಿಯ ಸಾಮಾನ್ಯ ನಂಬರಿನಿಂದ, ವಾಟ್ಸಾಪಿನಿಂದ 'ನಿಮ್ಮ ಪ್ಯಾನ್ ಇಂದು ರಾತ್ರಿ ಬಂದ್ ಆಗುತ್ತದೆ' ಎಂದು ಬಂದರೆ ಅದು ಇಲಾಖೆಯದಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ಯಾನ್ 2.0 ಯೋಜನೆಗೆ ಒಪ್ಪಿಗೆ ಕೊಟ್ಟ ಮರು ತಿಂಗಳೇ, ಇ-ಪ್ಯಾನ್ ಇಳಿಸಿಕೊಳ್ಳಿ ಎಂಬ ನಕಲಿ ಇಮೇಲ್‌ಗಳ ಬಗ್ಗೆ ಪಿಐಬಿ ಎಚ್ಚರಿಸಬೇಕಾಯಿತು. ಸುದ್ದಿ ನಿಜ, ಲಿಂಕ್ ಸುಳ್ಳು. ಮೋಸದ ಸಂದೇಶಗಳು ಹೀಗೆ ಅರ್ಧ ಸತ್ಯದ ಬೆನ್ನೇರಿ ಬರುತ್ತವೆ. ಎಪಿಕೆ ಎಂದು ಕೊನೆಯಾಗುವ ಫೈಲ್ ಬಂದರಂತೂ ಮುಟ್ಟಬೇಡಿ, ಅದನ್ನು ಹಾಕಿಕೊಂಡ ಫೋನಿನ ಎಸ್‌ಎಂಎಸ್‌ಗಳನ್ನು ಬೇರೆಯವರು ಕುಳಿತಲ್ಲೇ ಓದಬಹುದು.

ಆಧಾರ್ ಒಟಿಪಿ ಕೊಟ್ಟರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ, ಬ್ಯಾಂಕಿನ ಒಟಿಪಿ ಅಲ್ಲವಲ್ಲ ಎಂದು. ಅದು ಒಂದು ರೀತಿಯಲ್ಲಿ ನಿಮ್ಮ ಸಹಿ. ಅದರಿಂದ ಇ-ಆಧಾರ್ ಇಳಿಸಿಕೊಳ್ಳಬಹುದು, ಡಿಜಿಲಾಕರ್ ತೆರೆಯಬಹುದು, ಕಾನೂನಿನಲ್ಲಿ ಊರ್ಜಿತವಾಗುವ ಇ-ಸಹಿ ಹಾಕಬಹುದು.

ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪೋರ್ಟಲ್‌ನ ಪಾಸ್‌ವರ್ಡ್ ಬದಲಿಸಿ, ಬಯೊಮೆಟ್ರಿಕ್ ಲಾಕ್ ಮಾಡಿ. ಯುಐಡಿಎಐ ವೆಬ್‌ಸೈಟಿನಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಆರು ತಿಂಗಳ ಪಟ್ಟಿ ಸಿಗುತ್ತದೆ, ನಿಮಗೆ ಗೊತ್ತಿಲ್ಲದ ಬಳಕೆ ಕಂಡರೆ 1947ಕ್ಕೆ ತಿಳಿಸಿ. ಆ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇ-ಫೈಲಿಂಗ್ ಪೋರ್ಟಲ್‌ನ ತೊಂದರೆಗೆ ಉಚಿತ ನಂಬರ್ 1800 103 0025.